ಶಾಲೆಯ ಬಟ್ಟೆ: ಹೆತ್ತವರ ಮಾತು ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ

2025ರ ಏಪ್ರಿಲ್‌ನಲ್ಲಿ ಬೀದರ್ ಮತ್ತು ಶಿವಮೊಗ್ಗದಲ್ಲಿ ಸಿಇಟಿ ಬರೆಯಲು ಹೋದ ಹುಡುಗರಿಗೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ಜನಿವಾರ ತೆಗೆಯಲು ಹೇಳಿದರು. ಬೀದರ್‌ನ ಹುಡುಗ ಗಣಿತದ ಪರೀಕ್ಷೆ ಬರೆಯದೆ ಮನೆಗೆ ಹೋದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಚ್ಚಿಯ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ ಹುಡುಗಿಯ ತಲೆವಸ್ತ್ರದ ವಿಷಯ ಜಗಳಕ್ಕೆ ತಿರುಗಿ, ಶಾಲೆಗೇ ಎರಡು ದಿನ ರಜೆ ಕೊಡಬೇಕಾಯಿತು. ಇನ್ನು ಪ್ರತಿ ಮೇ ತಿಂಗಳಲ್ಲಿ ಯೂನಿಫಾರ್ಮ್ ಬೆಲೆಯ ಗೊಣಗಾಟ ಇದ್ದೇ ಇದೆ. ಈ ಸುದ್ದಿಗಳನ್ನೆಲ್ಲ ಓದಿದ ಅಪ್ಪ ಅಮ್ಮಂದಿರಿಗೆ ಒಂದೇ ಪ್ರಶ್ನೆ ಕಾಡುತ್ತೆ. ನಮ್ಮ ಮಗು ಶಾಲೆಗೆ ಏನು ಹಾಕಿಕೊಂಡು ಹೋಗಬೇಕು ಅನ್ನುವುದನ್ನು ನಾವು ಹೇಳುವ ಹಾಗಿದೆಯಾ, ಇಲ್ವಾ?

ಉತ್ತರ ಶಾಲೆಯಿಂದ ಶಾಲೆಗೆ ಬದಲಾಗುತ್ತೆ. ಕೆಲವು ಕಡೆ ಹೆತ್ತವರಿಗೆ ಸ್ಪಷ್ಟ ಹಕ್ಕಿದೆ, ಆದರೆ ಅದನ್ನು ಯಾರೂ ಬಳಸುತ್ತಿಲ್ಲ. ಕೆಲವು ಕಡೆ ಹಕ್ಕಿದೆ ಅಂದುಕೊಂಡಿದ್ದೇವೆ, ನಿಜವಾಗಿ ಇಲ್ಲ. ಈ ಎರಡನ್ನೂ ಬಿಡಿಸಿ ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತೆ.

ಪರೀಕ್ಷೆಯ ನಿಯಮ ಬೇರೆ, ಶಾಲೆಯ ನಿಯಮ ಬೇರೆ

ಮೊದಲು ಜನಿವಾರದ ಸುದ್ದಿಯನ್ನು ಪಕ್ಕಕ್ಕಿಡೋಣ. ಅದು ಪ್ರವೇಶ ಪರೀಕ್ಷೆಯ ತಪಾಸಣೆಯ ವಿಷಯ. ಪರೀಕ್ಷೆಯ ವಸ್ತ್ರಸಂಹಿತೆ ಇರುವುದು ನಕಲು ತಡೆಯಲು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನೇಮಕಾತಿ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಸಿ ನಕಲು ಮಾಡಿದವರು ಸಿಕ್ಕಿಬಿದ್ದರು. ಅದಾದ ಮೇಲೆ ತಲೆ, ಕಿವಿ ಮುಚ್ಚುವ ಬಟ್ಟೆಯ ಮೇಲೆ ಬಿಗಿ ನಿಯಮ ಬಂತು. ಜನಿವಾರದಲ್ಲಿ ಬ್ಲೂಟೂತ್ ಬಚ್ಚಿಡಲು ಆಗಲ್ಲ. ಅದನ್ನು ತೆಗೆಸಿ ಎಂದು ನಿಯಮದಲ್ಲೂ ಇರಲಿಲ್ಲ. ಬಾಗಿಲಲ್ಲಿ ನಿಂತವರು ಹದ್ದು ಮೀರಿದರು, ಅಷ್ಟೇ.

ಎರಡರ ವ್ಯತ್ಯಾಸ ಚೆನ್ನಾಗಿ ಕಾಣುವುದು ಕೇರಳ ಹೈಕೋರ್ಟ್‌ನ ಎರಡು ತೀರ್ಪುಗಳಲ್ಲಿ. 2016ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಹಿಜಾಬ್ ಹಾಕಿ ಬರಲು ನ್ಯಾಯಮೂರ್ತಿ ಎ. ಮುಹಮ್ಮದ್ ಮುಸ್ತಾಕ್ ಅವಕಾಶ ಕೊಟ್ಟರು. ಅರ್ಧ ಗಂಟೆ ಮುಂಚೆ ಬಂದು ತಪಾಸಣೆಗೆ ಒಳಗಾಗಬೇಕು ಅನ್ನುವ ಷರತ್ತಿತ್ತು. 2018ರಲ್ಲಿ ಅದೇ ನ್ಯಾಯಮೂರ್ತಿಗಳ ಮುಂದೆ ತಿರುವನಂತಪುರದ ಒಂದು ಖಾಸಗಿ ಶಾಲೆಯ ಮೊಕದ್ದಮೆ ಬಂತು. ಹೆಣ್ಣುಮಕ್ಕಳಿಗೆ ತಲೆವಸ್ತ್ರ, ತುಂಬುತೋಳಿನ ಅಂಗಿ ಹಾಕಲು ಬಿಡಬೇಕು ಎಂಬುದು ಕೋರಿಕೆ. ಈ ಸಲ ಅವರು ಒಪ್ಪಲಿಲ್ಲ. ವ್ಯಕ್ತಿಯ ಹಕ್ಕು ಮತ್ತು ಸಂಸ್ಥೆಯನ್ನು ನಡೆಸುವ ಹಕ್ಕು ಎದುರಾದಾಗ, ಶಾಲೆಯೊಳಗೆ ಸಂಸ್ಥೆಯ ವಿಶಾಲ ಹಿತವೇ ಮೇಲು ಎಂದರು. ಪರೀಕ್ಷೆ ಮೂರು ಗಂಟೆಯಲ್ಲಿ ಮುಗಿಯುತ್ತೆ, ತಪಾಸಣೆ ಆದರೆ ಅದರ ಉದ್ದೇಶ ಈಡೇರಿತು. ಶಾಲೆಗೆ ಬೇಕಾಗಿರುವುದು ವರ್ಷವಿಡೀ ಎಲ್ಲರೂ ಒಂದೇ ತರಹ ಕಾಣುವುದು. ಅಲ್ಲಿ ತಪಾಸಣೆಯಿಂದ ಪ್ರಶ್ನೆ ಬಗೆಹರಿಯುವುದಿಲ್ಲ.

ಬಟ್ಟೆ ಯಾವುದು ಎಂದು ಹೇಳುವವರು ಯಾರು?

ಕರ್ನಾಟಕದಲ್ಲಿ ಇದಕ್ಕೆ ಬುನಾದಿ 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ಅದರ 133ನೇ ಕಲಮಿನಡಿ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ ಬಂದದ್ದು ಈ ಅಧಿಕಾರದಿಂದಲೇ. ಆ ಆದೇಶದ ಪ್ರಕಾರ ಸರ್ಕಾರಿ ಶಾಲೆಯ ಸಮವಸ್ತ್ರವನ್ನು ಸರ್ಕಾರ ನಿಗದಿ ಮಾಡುತ್ತೆ, ಖಾಸಗಿ ಶಾಲೆಯದ್ದನ್ನು ಆಡಳಿತ ಮಂಡಳಿ. ಪಿಯು ಕಾಲೇಜಿನಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ.

ಈ ಮೂರರಲ್ಲಿ ಹೆತ್ತವರು ಎಲ್ಲಿದ್ದಾರೆ?

ಸರ್ಕಾರಿ ಶಾಲೆಯಲ್ಲಿ ಹೆತ್ತವರಿಗೆ ಕಾನೂನಿನ ಬಲ ಇದೆ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಆದರೆ ಬಟ್ಟೆಯ ಬಣ್ಣ, ಮಾದರಿ, ಟೆಂಡರ್ ಎಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತವೆ. ಸಮಿತಿಯ ಪಾಲಿಗೆ ಉಳಿಯುವುದು ಹಂಚುವ ಕೆಲಸ ಮತ್ತು ಸ್ವಲ್ಪ ಖರೀದಿ.

ಪಿಯು ಕಾಲೇಜಿನ ಸಮಿತಿ 2014ರ ಜನವರಿಯ ಒಂದು ಸುತ್ತೋಲೆಯಿಂದ ಹುಟ್ಟಿದ್ದು. ಅದಕ್ಕೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ಪೋಷಕರ ಪ್ರತಿನಿಧಿಗಳೂ ಇರುತ್ತಾರೆ, ನಿಜ. ಶಾಸಕರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುವಾಗ ಒಬ್ಬ ತಾಯಿ ಎದ್ದು ನಿಂತು ಬೇರೆ ಮಾತು ಆಡುವುದು ಎಷ್ಟು ಕಷ್ಟ ಅನ್ನುವುದು ಸಭೆಗಳಿಗೆ ಹೋದವರಿಗೆ ಗೊತ್ತು.

ಅನುದಾನರಹಿತ ಖಾಸಗಿ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ಪೋಷಕರ ಸಮಿತಿ ಕಡ್ಡಾಯವೇ ಅಲ್ಲ. ಅಲ್ಲಿ ಹೆತ್ತವರು ಹಣ ಕಟ್ಟುವವರು ಮಾತ್ರ. ವಿಚಿತ್ರ ಅಂದರೆ, ಬಟ್ಟೆಯ ವಿಷಯದಲ್ಲಿ ಅವರಿಗೆ ಅತಿ ಗಟ್ಟಿ ನಿಯಮ ಇರುವುದೂ ಅಲ್ಲೇ. ಅದಕ್ಕೆ ಆಮೇಲೆ ಬರೋಣ.

2022ರಲ್ಲಿ ಏನಾಯಿತು

ಉಡುಪಿಯ ಸರ್ಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ 2021ರ ಕೊನೆಗೆ ಆರು ವಿದ್ಯಾರ್ಥಿನಿಯರನ್ನು ಹಿಜಾಬ್ ಹಾಕಿ ತರಗತಿಗೆ ಬರಲು ಬಿಡಲಿಲ್ಲ. ಹೆತ್ತವರು ಕಾಲೇಜಿಗೆ ಬಂದು ಮಾತಾಡಿದರು. ಮಾತು ಫಲಿಸಲಿಲ್ಲ. ಜನವರಿ ಕಳೆಯುವಷ್ಟರಲ್ಲಿ ವಿಷಯ ಆ ಕಾಲೇಜಿನ ಕಾಂಪೌಂಡ್ ದಾಟಿತ್ತು. ಕುಂದಾಪುರ ಮುಂತಾದ ಕಡೆ ಹಿಜಾಬ್‌ಗೆ ಎದುರಾಗಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹಾಕಿ ಬಂದರು, ಫೆಬ್ರವರಿ ಎರಡನೇ ವಾರದಲ್ಲಿ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆಲ್ಲ ರಜೆ ಘೋಷಿಸಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಗಳನ್ನು ವಜಾ ಮಾಡಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ, ಸಮವಸ್ತ್ರ ನಿಗದಿ ಮಾಡುವುದು ಸಮಂಜಸ ನಿರ್ಬಂಧ, ಸರ್ಕಾರದ ಆದೇಶ ಸರಿ ಎಂದಿತು.

ಸುಪ್ರೀಂ ಕೋರ್ಟ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ. 2022ರ ಅಕ್ಟೋಬರ್ 13ರಂದು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು, ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅದನ್ನು ತಳ್ಳಿಹಾಕಿದರು. ದೊಡ್ಡ ಪೀಠಕ್ಕೆ ಒಪ್ಪಿಸಲು ಕಡತ ಮುಖ್ಯ ನ್ಯಾಯಮೂರ್ತಿಗಳ ಬಳಿ ಹೋಯಿತು. 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಿಷೇಧ ವಾಪಸ್ ಪಡೆಯುವ ಮಾತಾಡಿದರು. ಮರುದಿನವೇ, ಇನ್ನೂ ಯೋಚನೆ ನಡೆದಿದೆ ಎಂದು ಸ್ಪಷ್ಟನೆ ಬಂತು. ಜನಕ್ಕೆ ಗೊಂದಲ ಆಗದೆ ಇನ್ನೇನು?

ಇಲ್ಲಿ ಯಾವ ಕಡೆಯ ವಾದವನ್ನೂ ಹಗುರ ಮಾಡಬಾರದು. ಸಮವಸ್ತ್ರದ ಪರ ಇರುವವರು ಹೇಳುವುದು ಸುಳ್ಳಲ್ಲ. ಗಾರೆ ಕೆಲಸದವರ ಮಗಳೂ ಗುತ್ತಿಗೆದಾರರ ಮಗಳೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದ ಬಟ್ಟೆಯಲ್ಲಿ ಕೂರುವುದು ದೊಡ್ಡ ವಿಷಯ. ಬಟ್ಟೆ ನೋಡಿ ಬಡತನ ಅಳೆಯುವುದು ಅಷ್ಟರಮಟ್ಟಿಗೆ ತಪ್ಪುತ್ತೆ. ಒಂದು ಗುರುತಿಗೆ ವಿನಾಯಿತಿ ಕೊಟ್ಟರೆ ಇನ್ನೊಂದು ಗುಂಪು ತನ್ನ ಗುರುತು ಹೊತ್ತು ಬರುತ್ತೆ ಅನ್ನುವ ಭಯವೂ ಆ ಫೆಬ್ರವರಿಯಲ್ಲಿ ನಿಜವಾಯಿತು.

ಎದುರು ವಾದದ ಬಲ ಬೇರೆ ಕಡೆ ಇದೆ. ನ್ಯಾಯಮೂರ್ತಿ ಧೂಲಿಯಾ ಕೇಳಿದ್ದು ಇದನ್ನೇ: ಹಳ್ಳಿ, ಸಣ್ಣ ಊರುಗಳಲ್ಲಿ ಹೆಣ್ಣುಮಗಳು ಶಾಲೆಯ ತನಕ ಬರುವುದೇ ಕಷ್ಟದ ದಾರಿ. ಹಿಜಾಬ್ ಕಾರಣಕ್ಕೆ ಅವಳನ್ನು ಬಾಗಿಲಲ್ಲಿ ತಡೆದರೆ ಅವಳ ಬದುಕು ಸುಧಾರಿಸಿದಂತಾಗುತ್ತದೆಯೇ? ಕೆಲವು ಮನೆಗಳಲ್ಲಿ ಬಟ್ಟೆಯ ಮಾತು ಓದಿಗೆ ಹಾಕಿದ ಷರತ್ತು. ತಲೆ ಮುಚ್ಚಿಕೊಂಡರೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುವ ಅಪ್ಪ ಇದ್ದಾನೆ. ತನ್ನದೇ ನಂಬಿಕೆಯಿಂದ ಹಾಕಿಕೊಳ್ಳುವ ಮಗಳೂ ಇದ್ದಾಳೆ. ನಿಷೇಧದಿಂದ ಅಪ್ಪನ ಮನಸ್ಸು ಬದಲಾಗಲಿಲ್ಲ. ಪೆಟ್ಟು ಬಿದ್ದದ್ದು ಹುಡುಗಿಯರ ಓದಿಗೆ. ಕೆಲವರು ಟಿಸಿ ಪಡೆದು ಬೇರೆ ಕಡೆ ಹೋದರು, ಕೆಲವರು ಏಪ್ರಿಲ್‌ನ ಪಿಯು ಪರೀಕ್ಷೆ ಬರೆಯದೆ ಉಳಿದರು.

ನನಗೆ ಇದರಲ್ಲಿ ಹೆಚ್ಚು ನೋವಾಗುವುದು ಸಮಯದ ವಿಷಯ. ಯಾವ ನಿಯಮವೇ ಇರಲಿ, ಅದನ್ನು ಬೇಸಿಗೆ ರಜೆಗೆ ಮುಂಚೆ ಹೇಳಿದ್ದರೆ ಮನೆಯವರು ಯೋಚಿಸಿ ಕಾಲೇಜು ಆರಿಸಬಹುದಿತ್ತು, ಮಾತುಕತೆಗೆ ಎರಡು ಮೂರು ತಿಂಗಳು ಸಿಗುತ್ತಿತ್ತು. ಹಾಗಾಗಲಿಲ್ಲ. ಪಾಠ ಮುಗಿಯುವ ಹೊತ್ತಿಗೆ, ಪರೀಕ್ಷೆಗೆ ಸಿದ್ಧವಾಗುತ್ತಿದ್ದ ಹದಿನಾರು ಹದಿನೇಳರ ಹುಡುಗಿಯರ ಮುಂದೆ, ಇಂದೇ ತೀರ್ಮಾನಿಸು ಎಂಬಂತೆ ಆಯ್ಕೆ ಇಟ್ಟರು.

ಹೆತ್ತವರೆಲ್ಲ ಒಂದೇ ಕಡೆ ಇಲ್ಲ

ಹೆತ್ತವರ ಹಕ್ಕು ಎಂದು ಮಾತಾಡುವಾಗ ಹೆತ್ತವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ ಅಂದುಕೊಳ್ಳುತ್ತೇವೆ. ಕೊಚ್ಚಿಯಲ್ಲಿ ಆದದ್ದು ಬೇರೆ. ಹುಡುಗಿಯ ತಂದೆ ತಲೆವಸ್ತ್ರ ಬೇಕು ಎಂದರು. ಶಾಲೆಯ ಪೋಷಕರ ಸಂಘದ ಅಧ್ಯಕ್ಷರು ಶಾಲೆಯ ಪರ ನಿಂತರು. ಆಗ ಕೇರಳದ ಶಿಕ್ಷಣ ಸಚಿವರಾಗಿದ್ದ ವಿ. ಶಿವನ್‌ಕುಟ್ಟಿ ಹುಡುಗಿಗೆ ಅವಕಾಶ ಕೊಡಿ ಎಂದರು, ಶಾಲೆ ಹೈಕೋರ್ಟ್‌ಗೆ ಹೋಯಿತು. ಕೊನೆಗೆ ಮಗಳನ್ನು ಬೇರೆ ಶಾಲೆಗೆ ಸೇರಿಸುತ್ತೇವೆ ಎಂದು ಮನೆಯವರೇ ತೀರ್ಮಾನಿಸಿದ ಮೇಲೆ ಮೊಕದ್ದಮೆ ಮುಗಿಯಿತು. ಮೂಲ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಮೂರನೆಯ ದನಿ ಮಗುವಿನದ್ದು. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಎರಡು ಮಾತಿವೆ. ಧರ್ಮ, ಮನಸ್ಸಾಕ್ಷಿಯ ವಿಷಯದಲ್ಲಿ ಮಗುವಿಗೆ ದಾರಿ ತೋರುವ ಹಕ್ಕು ಹೆತ್ತವರದ್ದು. ತನ್ನ ಬದುಕಿಗೆ ಸಂಬಂಧಪಟ್ಟದ್ದರಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿನದ್ದು, ವಯಸ್ಸು ಬೆಳೆದಂತೆ ಆ ಮಾತಿಗೆ ತೂಕ ಹೆಚ್ಚಬೇಕು. ಆರು ವರ್ಷದ ಮಗುವಿನ ಲಂಗದ ಉದ್ದ ಅಮ್ಮನೇ ನೋಡಿಕೊಳ್ಳಲಿ. ಹದಿನಾರರ ಹುಡುಗಿಯ ಬಟ್ಟೆಯ ವಿಷಯದಲ್ಲಿ ಅಪ್ಪ, ಪ್ರಿನ್ಸಿಪಾಲ್, ಶಾಸಕರು ಮೂವರೂ ಮಾತಾಡಿ ಅವಳನ್ನು ಮಾತ್ರ ಕೇಳದೆ ಬಿಡುವುದು ನ್ಯಾಯ ಅಲ್ಲ.

ಯಾರೂ ಓದದ 11ನೇ ನಿಯಮ

ಈಗ ಹೆತ್ತವರ ಕೈಯಲ್ಲೇ ಇರುವ ನಿಯಮಕ್ಕೆ ಬರೋಣ. 1983ರ ಕಾಯ್ದೆಯ ಅಡಿಯಲ್ಲಿ 1995ರಲ್ಲಿ ಪಠ್ಯಕ್ರಮ ಇತ್ಯಾದಿಗಳ ನಿಯಮಾವಳಿ ಬಂತು. ಅದರ 11ನೇ ನಿಯಮ ಪೂರ್ತಿ ಬಟ್ಟೆ ಮತ್ತು ಪುಸ್ತಕದ ಬಗ್ಗೆಯೇ ಇದೆ. ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತು ಮಾಡಬಹುದು. ಒಮ್ಮೆ ಗೊತ್ತು ಮಾಡಿದರೆ ಮುಂದಿನ ಐದು ವರ್ಷ ಬದಲಿಸುವಂತಿಲ್ಲ. ಬದಲಿಸಬೇಕಾದರೆ ಕನಿಷ್ಠ ಒಂದು ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು. ಶಾಲೆಯಲ್ಲೇ ಅಥವಾ ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳುವುದು, ಶಾಲೆ ತೋರಿಸಿದ ಟೈಲರ್ ಹತ್ತಿರವೇ ಹೊಲಿಸುವುದು, ಇವೆಲ್ಲ ಪೋಷಕರ ಇಷ್ಟ. ಶಾಲೆ ಒತ್ತಾಯ ಮಾಡುವಂತಿಲ್ಲ.

ಐದು ವರ್ಷದ ಮಾತು ಸುಮ್ನೆ ಬರೆದದ್ದಲ್ಲ. ಮನೆಯಲ್ಲಿ ಅಕ್ಕನ ಲಂಗ ತಂಗಿಗೆ ಬರುತ್ತೆ. ಹೊಲಿಸುವಾಗಲೇ, ಕೆಳಗೆ ಎರಡು ಇಂಚು ಜಾಸ್ತಿ ಮಡಚಿ ಹೊಲಿಯಿರಿ ಎಂದು ಟೈಲರ್‌ಗೆ ಹೇಳಿರುತ್ತಾರೆ. ಮರುವರ್ಷ ಮಡಿಕೆ ಬಿಚ್ಚಿದಾಗ ಹಳೆಯ ಗೆರೆ ಕಡುಬಣ್ಣದಲ್ಲಿ ಕಾಣುತ್ತೆ, ಆದರೂ ನಡೆಯುತ್ತೆ. ಅಷ್ಟರಲ್ಲಿ ಶಾಲೆ ಕಾಲರ್‌ಗೊಂದು ಪಟ್ಟಿ, ಲಂಗಕ್ಕೊಂದು ಚೌಕಳಿ ಸೇರಿಸಿತು ಅಂದರೆ ಆ ಜೊತೆ ಬಟ್ಟೆ ಅದೇ ದಿನ ಕೆಲಸಕ್ಕೆ ಬಾರದ್ದಾಗುತ್ತೆ. ಇಬ್ಬರು ಮಕ್ಕಳಿರುವ ಮನೆಗೆ ಖರ್ಚು ಎರಡು ಪಟ್ಟು. ಹೊಸ ಮಾದರಿಯ ಬಟ್ಟೆ ಬೇರೆ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಗದಿದ್ದರೆ ಶಾಲೆಯ ಕೌಂಟರ್‌ಗೇ ಬರಬೇಕು. ಒತ್ತಾಯ ಎಂದು ಎಲ್ಲೂ ಬರೆದಿರಬೇಕಿಲ್ಲ. ಪಟ್ಟಿ, ಚೌಕಳಿ, ಲೋಗೋ ಸೇರಿದರೆ ಒತ್ತಾಯ ತಾನಾಗಿಯೇ ಬರುತ್ತೆ. ಬೆಲೆಯ ದೂರುಗಳ ಮೂಲ ಇಲ್ಲಿದೆ.

ಈ ನಿಯಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ನೇರವಾಗಿ ಅನ್ವಯಿಸುತ್ತೆ. ಸಿಬಿಎಸ್‌ಇ ಶಾಲೆಗಳಿಗೆ ಮಂಡಳಿಯೇ 2017ರಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಶಾಲೆಯೊಳಗೆ ಪುಸ್ತಕ, ಯೂನಿಫಾರ್ಮ್ ಮಾರುವ ವ್ಯಾಪಾರ ಬೇಡ ಎಂದು ಅದು ಹೇಳಿತ್ತು, ಆದರೆ ಯೂನಿಫಾರ್ಮ್ ಮಾರಾಟದ ಮೇಲಿನ ಆ ನಿಷೇಧ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಹಾಗಾದರೆ ಜನ ಯಾಕೆ ದೂರು ಕೊಡಲ್ಲ? ಮಗು ಅದೇ ಶಾಲೆಯಲ್ಲಿ ಇನ್ನೂ ಏಳೆಂಟು ವರ್ಷ ಓದಬೇಕಲ್ವಾ ಅನ್ನುವ ಹೆದರಿಕೆ. ಒಬ್ಬರೇ ಹೋದರೆ ಮಗುವಿನ ಮೇಲೆ ಕಣ್ಣು ಬೀಳುತ್ತೆ. ಪೋಷಕರ ಸಮಿತಿ ಇಲ್ಲದ ಕಡೆ ಒಟ್ಟಿಗೆ ಹೋಗಲು ದಾರಿಯೂ ಇಲ್ಲ. ಹಕ್ಕು ಪುಸ್ತಕದಲ್ಲೇ ಉಳಿಯುವುದು ಹೀಗೆ.

ಮಳೆ, ಬಿಸಿಲು, ಶೌಚಾಲಯ

ಧರ್ಮದ ಜಗಳದ ಸದ್ದಿನಲ್ಲಿ, ಹೆತ್ತವರು ನಿಜವಾಗಿ ಚೆನ್ನಾಗಿ ಬಲ್ಲ ವಿಷಯಗಳು ಹಿಂದೆ ಬಿದ್ದಿವೆ. ಯಾವ ಬಟ್ಟೆಯಲ್ಲಿ ಮಗು ಬೆವರುತ್ತೆ, ಯಾವುದರಲ್ಲಿ ಓಡಲು ಆಗಲ್ಲ, ಯಾವುದನ್ನು ಬಿಚ್ಚಿ ಕಟ್ಟಿಕೊಳ್ಳಲು ಒದ್ದಾಡುತ್ತೆ ಎಂಬುದು ಮನೆಯಲ್ಲಿ ಗೊತ್ತಿರುತ್ತೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಕೊಡುವ ಶೂ ಭಾಗ್ಯ ಯೋಜನೆಯನ್ನೇ ನೋಡಿ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. ಖರೀದಿ ಮಾಡುವುದು ಎಸ್‌ಡಿಎಂಸಿ. ಜೂನ್, ಜುಲೈನಲ್ಲಿ ಕರಾವಳಿ, ಮಲೆನಾಡಿನ ಮಗು ಶಾಲೆ ಸೇರುವಷ್ಟರಲ್ಲಿ ಸಾಕ್ಸ್ ಪಾದಕ್ಕೆ ಅಂಟಿರುತ್ತೆ. ಸಂಜೆ ಬಿಚ್ಚಿದಾಗ ಬೆರಳ ಸಂದು ಬೆಳ್ಳಗೆ ನೆನೆದು ಸುಕ್ಕಾಗಿರುತ್ತೆ. ಇರುವುದು ಒಂದೇ ಜೊತೆ ಶೂ, ಬೆಳಗ್ಗೆಗೆ ಅದು ಒಣಗಲ್ಲ. ಆ ಊರಿನ ಹವೆಗೆ ತಕ್ಕಂತೆ ಶೂ ಬದಲು ಚಪ್ಪಲಿ ಕೊಳ್ಳಲು ಮಾರ್ಗಸೂಚಿಯಲ್ಲಿ ಅವಕಾಶ ಕೊಟ್ಟದ್ದು ಇದೇ ಕಾರಣಕ್ಕೆ. ಸಣ್ಣ ವಿಷಯದಂತೆ ಕಾಣುತ್ತೆ. ಆದರೆ ಸಮಿತಿಯ ತಾಯಂದಿರು ನೇರವಾಗಿ ತೀರ್ಮಾನಿಸಬಹುದಾದ ವಿಷಯ ಇದು.

ಬಿಸಿಲಿನ ಕಡೆಯ ಕತೆ ಬೇರೆ. ಕಲಬುರಗಿ, ರಾಯಚೂರಿನಲ್ಲಿ ತಾಪಮಾನ 40 ಡಿಗ್ರಿ ದಾಟುವಾಗಲೂ ಖಾಸಗಿ ಶಾಲೆಯ ಮಕ್ಕಳ ಕುತ್ತಿಗೆಯಲ್ಲಿ ಟೈ, ಕಾಲಲ್ಲಿ ಪಾಲಿಯೆಸ್ಟರ್ ಸಾಕ್ಸ್. 2024ರ ಬೇಸಿಗೆಯಲ್ಲಿ ಕರ್ನಾಟಕ ಹೈಕೋರ್ಟ್ ಕೆಳ ನ್ಯಾಯಾಲಯಗಳ ವಕೀಲರಿಗೆ ಕಪ್ಪು ಕೋಟಿನಿಂದ ವಿನಾಯಿತಿ ಕೊಟ್ಟಿತ್ತು. ದೊಡ್ಡವರಿಗೆ ಸಿಕ್ಕ ಆ ಸವಲತ್ತು ಮಕ್ಕಳಿಗೆ ಯಾಕೆ ತಾನಾಗಿ ಸಿಗಲ್ಲ? ಕೇಳುವವರು ಇರಲಿಲ್ಲ, ಅದಕ್ಕೆ.

ಸರ್ಕಾರಿ ಶಾಲೆಯ ಹೆತ್ತವರಿಗೆ ಇನ್ನೊಂದು ತೊಂದರೆ. ಕೊಡುವುದು ಬಟ್ಟೆ, ಹೊಲಿಗೆಯ ಖರ್ಚು ಅವರದ್ದೇ. ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕದಲ್ಲಿ ಎರಡು ಜೊತೆಗೆ ಒಂದು ಮಗುವಿಗೆ ವರ್ಷಕ್ಕೆ 600 ರೂಪಾಯಿ. ಎರಡನೇ ಜೊತೆ ಬಾರದೆ ಇದ್ದಾಗ 2019ರಲ್ಲಿ ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪರವಾಗಿ ಅರ್ಜಿ ಹೈಕೋರ್ಟ್ ತನಕ ಹೋಯಿತು, ಎರಡು ಜೊತೆ ಕೊಡಲೇಬೇಕು ಎಂದು ಕೋರ್ಟ್ ಹೇಳಿತು. ಒಂದೇ ಜೊತೆ ಇದ್ದರೆ ರಾತ್ರಿ ಒಗೆದು ಬೆಳಗ್ಗೆ ಹಸಿಯಾಗಿಯೇ ಹಾಕಬೇಕು. ಇಲ್ಲ, ಮಗು ಆ ದಿನ ಶಾಲೆ ತಪ್ಪಿಸುತ್ತೆ.

ಹೆತ್ತವರು ಕೂತು ಮಾತಾಡಿದ ಶಾಲೆ

ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಒಂದೇ ಬಟ್ಟೆ ತಂದಿತು. ಮಂಡಿ ಕೆಳಗಿನ ಮುಕ್ಕಾಲು ಚಡ್ಡಿ, ಅಂಗಿ. ಲಂಗದಲ್ಲಿ ಹುಡುಗಿಯರು ಆಡಲು, ಶೌಚಾಲಯಕ್ಕೆ ಹೋಗಲು ಒದ್ದಾಡುತ್ತಾರೆ ಎಂಬುದು ಶಿಕ್ಷಕರ ಗಮನಕ್ಕೆ ಬಂದಿತ್ತು. ಪೋಷಕರ ಸಂಘದ ಜೊತೆ ಕೂತು ತೀರ್ಮಾನ ಮಾಡಿದರು. ಗಲಾಟೆ ಆಗಲಿಲ್ಲ.

2021ರ ಡಿಸೆಂಬರ್‌ನಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಹೆಣ್ಣುಮಕ್ಕಳ ಶಾಲೆ ಹೈಯರ್ ಸೆಕೆಂಡರಿಗೆ ಪ್ಯಾಂಟು ಶರ್ಟು ತಂದಾಗ ವಿರೋಧ ಬಂತು, ರಾಜ್ಯದ ಸುದ್ದಿಯೂ ಆಯಿತು. ಒಂದು ಶಾಲೆಯ ಬಟ್ಟೆಯ ಮಾತು ಇಡೀ ರಾಜ್ಯಕ್ಕೆ ಹೇರುವ ನೀತಿ ಎಂಬಂತೆ ಕಂಡಾಗ ಜಗಳ ಹತ್ತಿಕೊಳ್ಳುತ್ತೆ. 2022ರಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್, ಸರ್ಕಾರ ಇಂಥ ಸಮವಸ್ತ್ರವನ್ನು ಹೇರುವುದಿಲ್ಲ ಎಂದು ವಿಧಾನಸಭೆಯಲ್ಲಿ ಹೇಳಬೇಕಾಯಿತು.

ಎಲ್ಲವನ್ನೂ ಪೋಷಕರ ಸಭೆಗೆ ಬಿಟ್ಟರೆ ಸಾಕು ಎಂದು ಇದರಿಂದ ಹೇಳಲಾಗದು. ಸಭೆಯಲ್ಲಿ ಜಾಸ್ತಿ ಇರುವವರ ಮಾತು ಕಡಿಮೆ ಇರುವವರ ಮೇಲೆ ಬೀಳುತ್ತೆ. ಕೊಚ್ಚಿಯಲ್ಲಿ ಆದದ್ದು ಅದೇ. ಹಾಗಾಗಿ ನಂಬಿಕೆಗೆ ಸಂಬಂಧಿಸಿದ ಪ್ರಶ್ನೆಯನ್ನು ಕೈ ಎತ್ತಿಸಿ ಎಣಿಸುವುದು ಸರಿಯಲ್ಲ. ಅದಕ್ಕೆ ಸಂವಿಧಾನ ಬೇಕು, ಸುಪ್ರೀಂ ಕೋರ್ಟ್‌ನ ದೊಡ್ಡ ಪೀಠದ ಉತ್ತರ ಬೇಕು. ಬಟ್ಟೆಯ ದಪ್ಪ, ಶೂ, ಟೈ, ಬೆಲೆ, ಲಂಗವೋ ಚೂಡಿದಾರೋ, ಇವೆಲ್ಲ ಮನೆಯವರೂ ಶಿಕ್ಷಕರೂ ಕೂತು ಬಗೆಹರಿಸುವ ವಿಷಯ. ಎರಡನ್ನೂ ಒಂದೇ ಮೂಟೆ ಕಟ್ಟಿದ್ದರಿಂದ ಎರಡೂ ಕೆಟ್ಟವು.

ಈಗಿಂದ ಜೂನ್ ತನಕ

ಖಾಸಗಿ ಶಾಲೆಗಳು ಮುಂದಿನ ವರ್ಷದ ಬಟ್ಟೆಗೆ ಆರ್ಡರ್ ಕೊಡುವುದು ತಿಂಗಳುಗಳ ಮುಂಚೆ. ಏಪ್ರಿಲ್‌ನಲ್ಲಿ ಚೀಟಿ ಬಂದ ಮೇಲೆ ಹೋಗಿ ಕೇಳಿದರೆ, ಸ್ಟಾಕ್ ಬಂದಾಗಿದೆ, ಏನು ಮಾಡೋದು ಎಂಬ ಉತ್ತರ ಸಿಗುತ್ತೆ. ಕೇಳುವುದಾದರೆ ದಸರಾ ರಜೆ ಮುಗಿದ ಕೂಡಲೇ ಕೇಳಬೇಕು, ನಾಲ್ಕೈದು ಮನೆಯವರು ಒಟ್ಟಿಗೆ ಹೋಗಬೇಕು. ಸರ್ಕಾರಿ ಶಾಲೆಯವರು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಶೂ ಬೇಕೋ ಚಪ್ಪಲಿ ಬೇಕೋ ಎಂದು ಬರೆಸಬಹುದು.

ರಾಜ್ಯ ಪಠ್ಯಕ್ರಮದ ಶಾಲೆ ಮುಂದಿನ ಜೂನ್‌ಗೆ ಸಮವಸ್ತ್ರ ಬದಲಿಸುವುದಾದರೆ, ಅದರ ನೋಟಿಸ್ ಈ ಜೂನ್‌ಗೇ ಕೈಗೆ ಬಂದಿರಬೇಕು. ಬಂದಿಲ್ಲ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯುವ ಪತ್ರದಲ್ಲಿ ಮೂರು ಮಾತು ಇರಲಿ: 1995ರ ನಿಯಮಾವಳಿಯ 11ನೇ ನಿಯಮ, ಈಗಿನ ಸಮವಸ್ತ್ರ ಜಾರಿಗೆ ಬಂದ ವರ್ಷ, ಬದಲಾವಣೆಯ ಚೀಟಿ ಕೈಗೆ ಬಂದ ದಿನಾಂಕ. ಚೀಟಿಯ ಒಂದು ಜೆರಾಕ್ಸ್ ಜೊತೆಗಿಟ್ಟು, ಪತ್ರ ತಲುಪಿದ್ದಕ್ಕೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ.